ಸಿಸ್ಟರ್ ಕಂಡದ್ದು, ಚಾರ್ಟು ಕಾಣದ್ದು

ವೈದ್ಯರು ಹಾಸಿಗೆಯ ಬಳಿ ನಿಲ್ಲುವುದು ನಿಮಿಷಗಳ ಲೆಕ್ಕದಲ್ಲಿ. ಉಳಿದ ಹೊತ್ತೆಲ್ಲ ರೋಗಿಯ ಮೇಲೆ ಕಣ್ಣಿಟ್ಟಿರುವವರು ನರ್ಸ್. ಆ ಕಣ್ಣಿನ ಹಿಂದಿರುವ ಓದು, ಲೆಕ್ಕ, ತೀರ್ಮಾನಗಳ ಕುರಿತು ಈ ಸಂಚಿಕೆಯ ಮುಖಪುಟ ಲೇಖನ.

ಡೆಂಗಿ ವಾರ್ಡಿನಲ್ಲಿ ಐದನೇ ದಿನದ ಬೆಳಿಗ್ಗೆ ಒಂದು ಸಣ್ಣ ಸಂಭ್ರಮ ನಡೆಯುತ್ತದೆ. ನಾಲ್ಕು ದಿನ ಕಾದ ಹಂಚಿನ ಹಾಗಿದ್ದ ಹುಡುಗನ ಮೈ ಈಗ ಮುಟ್ಟಿದರೆ ತಣ್ಣಗಿದೆ. ಅಮ್ಮ ಫ್ಲಾಸ್ಕು, ಟವೆಲ್ಲು, ಚಾಪೆಗಳನ್ನು ಚೀಲಕ್ಕೆ ತುಂಬತೊಡಗುತ್ತಾರೆ. ಅಪ್ಪ ಡಿಸ್ಚಾರ್ಜ್ ವಿಚಾರಿಸಲು ಕೌಂಟರಿಗೆ ಹೋಗಿಯಾಗಿದೆ. ಅಷ್ಟರಲ್ಲಿ ಬಿಪಿ ನೋಡಲು ಬಂದ ಸಿಸ್ಟರ್ ಪಟ್ಟಿ ಬಿಚ್ಚಿದವರು ಮತ್ತೊಮ್ಮೆ ಕಟ್ಟುತ್ತಾರೆ. ಈ ಸಲವೂ 100/80. "ನಾರ್ಮಲ್ ಇದೆಯಲ್ವಾ ಸಿಸ್ಟರ್?" ಎಂದು ಅಮ್ಮ ಕೇಳುತ್ತಾರೆ. ಸಿಸ್ಟರ್ ಉತ್ತರಿಸದೆ ಹುಡುಗನ ಬೆರಳ ತುದಿಯನ್ನು ಒತ್ತಿ ಬಿಟ್ಟು, ರಕ್ತ ಮರಳಲು ಎಷ್ಟು ಹೊತ್ತಾಯಿತೆಂದು ನೋಡುತ್ತಾರೆ. ಹೊದಿಕೆ ಸರಿಸಿ ಪಾದ ಮುಟ್ಟುತ್ತಾರೆ. "ಚೀಲ ಕಟ್ಟಬೇಡಿ ಅಮ್ಮ, ಡಾಕ್ಟರಿಗೆ ಫೋನ್ ಮಾಡ್ತೀನಿ" ಅನ್ನುತ್ತಾರೆ.

ಡೆಂಗಿಯಲ್ಲಿ ಅಪಾಯದ ಹೊತ್ತು ಶುರುವಾಗುವುದೇ ಜ್ವರ ಇಳಿಯುವಾಗ. ಮೂರರಿಂದ ಏಳನೇ ದಿನದ ನಡುವೆ ರಕ್ತನಾಳಗಳ ಗೋಡೆಯಿಂದ ದ್ರವ ಸೋರಿ ಹೊಟ್ಟೆ, ಎದೆಯ ಸಂದುಗಳಿಗೆ ಸೇರಬಹುದು. ಇದು 24ರಿಂದ 48 ಗಂಟೆ ನಡೆಯುತ್ತದೆ. ಆ ಹೊತ್ತಿನಲ್ಲಿ ದೇಹ ಮೇಲಿನ ಬಿಪಿಯನ್ನು ಹೇಗೋ ಹಿಡಿದು ನಿಲ್ಲಿಸಿಕೊಳ್ಳುತ್ತದೆ, ಕೆಳಗಿನದು ಮೇಲೇರುತ್ತದೆ. ಮೇಲಿನದು 100, ಕೆಳಗಿನದು 80 ಎಂದು ಬಿಡಿಬಿಡಿಯಾಗಿ ಓದಿದರೆ ಎರಡೂ ಸರಿಯಾಗಿಯೇ ಕಾಣುತ್ತವೆ. ನೋಡಬೇಕಾದ್ದು ಎರಡರ ನಡುವಿನ ಅಂತರವನ್ನು. ಅದು 20ಕ್ಕೆ ಇಳಿಯಿತೆಂದರೆ ಹುಡುಗ ಆಘಾತದ ಹೊಸ್ತಿಲಲ್ಲಿದ್ದಾನೆ. ಈಗ ಕೊಟ್ಟ ಸಲೈನ್ ಜೀವ ಉಳಿಸುತ್ತದೆ. ಎರಡು ದಿನ ಕಳೆದು, ಸೋರಿದ ದ್ರವ ತಾನಾಗಿ ರಕ್ತಕ್ಕೆ ಮರಳುವಾಗ ಅದೇ ಸಲೈನ್ ಅದೇ ವೇಗದಲ್ಲಿ ಓಡುತ್ತಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಯಾವಾಗ ಏರಿಸಬೇಕು, ಯಾವಾಗ ತಗ್ಗಿಸಬೇಕು ಎಂಬ ಆದೇಶ ವೈದ್ಯರದು. ಆ ಆದೇಶಕ್ಕೆ ಆಧಾರವಾಗುವ ಮೂತ್ರದ ಅಳತೆ, ನಾಡಿ, ಉಸಿರು, ಕಾಲಿನ ಬಿಸುಪು ಎಲ್ಲವೂ ಗಂಟೆಗಂಟೆಗೂ ಬರುವುದು ನರ್ಸ್ ಕೈಯಿಂದ. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಆಗ ಸುದ್ದಿಯೆಲ್ಲ ಪ್ಲೇಟ್‌ಲೆಟ್ಟಿನ ಸುತ್ತ ತಿರುಗಿತು. ಪ್ಲೇಟ್‌ಲೆಟ್ ಎಷ್ಟೆಂದು ಕೇಳುವ ಮನೆಯವರಲ್ಲಿ ಮೂತ್ರ ಎಷ್ಟಾಯಿತೆಂದು ಕೇಳುವವರು ಸಿಗುವುದು ಅಪರೂಪ.

ನಮ್ಮಲ್ಲಿ ನರ್ಸ್ ಎಂದರೆ ಕರುಣೆ, ಸೇವೆ, ತ್ಯಾಗ ಎಂಬ ಮಾತುಗಳು ಸಲೀಸಾಗಿ ಬರುತ್ತವೆ. ಪ್ರತಿ ವರ್ಷ ಮೇ 12ರಂದು, ಅಂದರೆ ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ, ಮೇಣದಬತ್ತಿ ಹಚ್ಚಿ ಇದೇ ಮಾತುಗಳನ್ನು ಹಂಚುತ್ತೇವೆ. ಕರುಣೆ ಬೇಡವೆಂದು ಯಾರೂ ಹೇಳಲಾರರು. ಆದರೆ ಆ 100/80ನ್ನು ಓದಿದ್ದು ಕರುಣೆಯಲ್ಲ, ವಿದ್ಯೆ. ಈ ವಿದ್ಯೆಗೆ ನಾವು ಹೆಸರು ಕೊಟ್ಟಿಲ್ಲ, ಬೆಲೆಯನ್ನೂ ಕೊಟ್ಟಿಲ್ಲ ಎಂಬುದು ನನ್ನ ತಕರಾರು.

ಕೇಳುವುದರಲ್ಲೂ ಒಂದು ಕ್ರಮ

ದೀಪ ಹಿಡಿದ ಮಹಿಳೆಯೆಂದು ಚಿತ್ರಪಟವಾದ ನೈಟಿಂಗೇಲ್ ನಿಜಕ್ಕೂ ಅಂಕಿಸಂಖ್ಯೆಯ ಗಟ್ಟಿಗಿತ್ತಿ. 1859ರಲ್ಲಿ ಅವರು ಬರೆದ 'ನೋಟ್ಸ್ ಆನ್ ನರ್ಸಿಂಗ್' ಪುಸ್ತಕದಲ್ಲಿ ರೋಗಿಯನ್ನು ಗಮನಿಸುವುದರ ಬಗ್ಗೆಯೇ ಒಂದು ಅಧ್ಯಾಯವಿದೆ. "ರಾತ್ರಿ ಚೆನ್ನಾಗಿ ನಿದ್ದೆ ಬಂತಾ?" ಎಂದು ಕೇಳಿದರೆ ಏನೂ ತಿಳಿಯುವುದಿಲ್ಲ, ಎಷ್ಟು ಗಂಟೆ ನಿದ್ದೆ ಮಾಡಿದರು, ರಾತ್ರಿಯ ಯಾವ ಹೊತ್ತಿನಲ್ಲಿ ಎಂದು ಕೇಳಬೇಕು ಎನ್ನುವುದು ಅಲ್ಲಿನ ವಾದ. ಒಬ್ಬರಿಗೆ ಹತ್ತು ತಾಸು ಮಲಗದಿದ್ದರೆ ಅದು ಕೆಟ್ಟ ರಾತ್ರಿ. ಇನ್ನೊಬ್ಬರಿಗೆ ಆಗಾಗ ಒಂದಿಷ್ಟು ಜೊಂಪು ಹತ್ತಿದ್ದರೂ ದೂರಿಲ್ಲ.

ಇದು ನಮ್ಮ ವಾರ್ಡುಗಳಿಗೆ ಇನ್ನೂ ಚೆನ್ನಾಗಿ ಹೊಂದುತ್ತದೆ. "ಊಟ ಆಯ್ತಾ ಅಜ್ಜಿ?" ಎಂದರೆ ನಮ್ಮ ಅಜ್ಜಿಯರು "ಆಯ್ತು ಕಣವ್ವ" ಎನ್ನುತ್ತಾರೆ. ಊಟ ಮಾಡಿಲ್ಲವೆಂದು ಪರರ ಮುಂದೆ ಹೇಳಿಕೊಳ್ಳುವುದು ಅವರ ಮರ್ಯಾದೆಗೆ ಒಗ್ಗುವುದಿಲ್ಲ. ಅನುಭವಿ ಸಿಸ್ಟರ್ ಅಜ್ಜಿಯ ಬಾಯಿಗಿಂತ ತಟ್ಟೆಯನ್ನು ನೋಡುತ್ತಾರೆ. ಎರಡು ಇಡ್ಲಿಯಲ್ಲಿ ಒಂದೂಮುಕ್ಕಾಲು ಉಳಿದಿದ್ದು, ಬೆಳಿಗ್ಗೆ ಇನ್ಸುಲಿನ್ ಮಾತ್ರ ಪೂರ್ತಿ ಹೋಗಿದ್ದರೆ ಹನ್ನೊಂದು ಗಂಟೆಯ ಹೊತ್ತಿಗೆ ಅಜ್ಜಿ ಬೆವರತೊಡಗುತ್ತಾರೆ ಎಂಬ ಲೆಕ್ಕ ಅವರ ತಲೆಯಲ್ಲಿ ಆಗಲೇ ಓಡುತ್ತಿರುತ್ತದೆ.

'ಗ್ಯಾಸ್' ಎಂಬ ದೂರೂ ಹೀಗೇ. ಕರ್ನಾಟಕದ ಯಾವ ಕ್ಯಾಶುವಾಲಿಟಿಗೆ ಹೋದರೂ ಎದೆ ಹಿಡಿದುಕೊಂಡು ಬಂದವರಲ್ಲಿ ಬಹಳ ಜನ "ಗ್ಯಾಸ್ಟ್ರಿಕ್ ಸಿಸ್ಟರ್, ಒಂದು ಇಂಜೆಕ್ಷನ್ ಹಾಕಿಬಿಡಿ" ಎನ್ನುತ್ತಾರೆ. ಸಕ್ಕರೆ ಕಾಯಿಲೆಯವರಿಗೆ, ಅದರಲ್ಲೂ ಹೆಂಗಸರಿಗೆ, ಹೃದಯಾಘಾತದಲ್ಲಿ ಎದೆನೋವೇ ಇಲ್ಲದಿರಬಹುದು. ಸುಸ್ತು, ಬೆವರು, ಹೊಟ್ಟೆಯ ಮೇಲ್ಭಾಗದಲ್ಲಿ ಸಂಕಟ, ಅಷ್ಟೇ. ಬಂದ 10 ನಿಮಿಷದೊಳಗೆ ಇಸಿಜಿ ಆಗಬೇಕೆಂಬುದು ಹೃದ್ರೋಗ ಚಿಕಿತ್ಸೆಯ ನಿಯಮ. ಆ ಹತ್ತು ನಿಮಿಷ ಶುರುವಾಗಬೇಕಾದರೆ 'ಗ್ಯಾಸ್' ಎಂದವರನ್ನು ಬೆಂಚಿನ ಮೇಲೆ ಕೂರಿಸದೆ ಮಂಚಕ್ಕೆ ಕರೆದೊಯ್ಯಬೇಕೆಂದು ಬಾಗಿಲಲ್ಲಿ ನಿಂತ ಯಾರಿಗಾದರೂ ಹೊಳೆಯಬೇಕು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿ ಜಯದೇವ ಹೃದ್ರೋಗ ಸಂಸ್ಥೆಯ ತಜ್ಞರ ಕಣ್ಣಿಗೆ ಬೀಳುತ್ತದೆ, ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಸಿಗುತ್ತದೆ. ಒಳ್ಳೆಯ ಯೋಜನೆ. ಆದರೆ ಅದರ ಮೊದಲ ಮೆಟ್ಟಿಲು ಬಾಗಿಲಲ್ಲಿರುವವರ ಆ ಒಂದು ಅನುಮಾನ.

ಹಳದಿ ತ್ರಿಕೋನ

1956ರ ಬೇಸಿಗೆ, ಇಂಗ್ಲೆಂಡಿನ ಎಸೆಕ್ಸ್ ಪ್ರಾಂತ್ಯದ ರಾಚ್‌ಫರ್ಡ್ ಆಸ್ಪತ್ರೆ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ವಿಭಾಗಕ್ಕೆ ಸಿಸ್ಟರ್ ಜೀನ್ ವಾರ್ಡ್ ಮುಖ್ಯಸ್ಥೆ. ಉಸಿರುಗಟ್ಟಿಸುವ ಇನ್‌ಕ್ಯುಬೇಟರಿಗಿಂತ ಗಾಳಿ ಬೆಳಕು ಮೇಲೆಂದು ನಂಬಿದ್ದ ಆಕೆ, ಬಿಸಿಲಿದ್ದ ದಿನ ಶಿಶುಗಳನ್ನು ಅಂಗಳಕ್ಕೆ ಕರೆದೊಯ್ಯುತ್ತಿದ್ದರು. ಒಂದು ದಿನ ರೌಂಡ್ಸಿಗೆ ಬಂದ ವೈದ್ಯರಿಗೆ ಆಕೆ ಒಂದು ಮಗುವಿನ ಬಟ್ಟೆ ಸರಿಸಿ ತೋರಿಸಿದರು. ಮೈಯೆಲ್ಲ ತಿಳಿ ಬಣ್ಣ. ಒಂದು ಕಡೆ ಮಾತ್ರ ಗೀಟು ಎಳೆದಂತೆ ಕಡುಹಳದಿಯ ತ್ರಿಕೋನ. ಏನಾದರೂ ಔಷಧಿ ಬಳಿದಿದ್ದೀರಾ ಎಂದು ವೈದ್ಯರು ಕೇಳಿದರು. ಬಳಿದಿಲ್ಲ, ಹೊದಿಕೆಯ ಮೂಲೆ ಮುಚ್ಚಿದ್ದ ಜಾಗ ಅದು, ಬಿಸಿಲು ಬಿದ್ದ ಕಡೆಯೆಲ್ಲ ಕಾಮಾಲೆ ಮಾಸಿದೆ ಎಂದರು ಸಿಸ್ಟರ್.

ಯಾರೂ ಅದನ್ನು ಅಂದು ದೊಡ್ಡದು ಮಾಡಲಿಲ್ಲ. ಕೆಲವು ವಾರಗಳ ಮೇಲೆ, ಕಾಮಾಲೆಯ ಮಗುವಿನ ರಕ್ತದ ಕೊಳವೆಯೊಂದು ಪ್ರಯೋಗಾಲಯದ ಕಿಟಕಿಯ ಬಿಸಿಲಲ್ಲಿ ಉಳಿದುಹೋಗಿ, ಅದರಲ್ಲಿ ಆ ಹಳದಿಗೆ ಕಾರಣವಾದ ಬಿಲಿರುಬಿನ್ ನಿರೀಕ್ಷೆಗಿಂತ ಬಹಳ ಕಡಿಮೆ ಬಂದಾಗ ಆ ತ್ರಿಕೋನ ನೆನಪಾಯಿತು. ಪ್ರಯೋಗಗಳು ನಡೆದವು, ದೀಪದ ತೊಟ್ಟಿಲು ತಯಾರಾಯಿತು. 1958ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಬಂಧ ಬಂತು. ಇಂದು ನಮ್ಮ ಜಿಲ್ಲಾಸ್ಪತ್ರೆಗಳಲ್ಲಿ ನವಜಾತ ಶಿಶುಗಳನ್ನು ನೀಲಿ ದೀಪದಡಿ ಮಲಗಿಸುತ್ತಾರಲ್ಲ, ಅದರ ಮೂಲ ಅಲ್ಲಿದೆ. ಪ್ರಬಂಧದ ಲೇಖಕರು ಮೂವರು: ಕ್ರೀಮರ್, ಪೆರಿಮನ್, ರಿಚರ್ಡ್ಸ್. ಆ ಸಾಲಿನಲ್ಲಿ ಸಿಸ್ಟರ್ ವಾರ್ಡ್ ಹೆಸರಿಲ್ಲ.

ಈ ಕಥೆಯಲ್ಲಿ ನನಗೆ ಮುಖ್ಯವೆನಿಸುವುದು ಬಿಸಿಲಲ್ಲ. ಮಗು ನಿನ್ನೆ ಹೇಗಿತ್ತು, ಬೆಳಿಗ್ಗೆ ಹೇಗಿತ್ತು, ಈಗ ಹೇಗಿದೆ ಎಂಬ ಮೂರೂ ಚಿತ್ರಗಳನ್ನು ಒಟ್ಟಿಗೆ ಹಿಡಿದುಕೊಂಡಿದ್ದ ವ್ಯಕ್ತಿ ಆ ಕೋಣೆಯಲ್ಲಿ ಒಬ್ಬರೇ ಇದ್ದರು. ಉಳಿದವರ ಬಳಿ ಇದ್ದದ್ದು ಆ ಗಳಿಗೆಯ ಚಿತ್ರ ಮಾತ್ರ.

ನಾಡಿ ಹಿಡಿದು ಉಸಿರು ಎಣಿಸುವುದು

ಮಾನಿಟರಿನಲ್ಲಿ ಮಿನುಗುವ ಅಂಕಿಗಳ ನಡುವೆ ಅನಾಥವಾಗಿರುವುದು ಉಸಿರಿನ ಎಣಿಕೆ. ನಾಡಿಗೆ, ಬಿಪಿಗೆ, ಆಮ್ಲಜನಕಕ್ಕೆ ಯಂತ್ರವಿದೆ. ಸಾಮಾನ್ಯ ವಾರ್ಡಿನಲ್ಲಿ ಉಸಿರನ್ನು ಇಂದಿಗೂ ಗಡಿಯಾರ ನೋಡಿಕೊಂಡು ಒಂದು ನಿಮಿಷ ಎಣಿಸಬೇಕು. ಎಣಿಸುತ್ತಿದ್ದಾರೆಂದು ಗೊತ್ತಾದರೆ ರೋಗಿಯ ಉಸಿರೇ ಬದಲಾಗುತ್ತದೆ. ಅದಕ್ಕೆ ನರ್ಸಿಂಗ್ ಶಾಲೆಯಲ್ಲಿ ಒಂದು ಉಪಾಯ ಹೇಳಿಕೊಡುತ್ತಾರೆ: ನಾಡಿ ಎಣಿಸಿ ಮುಗಿದ ಮೇಲೂ ಮಣಿಕಟ್ಟಿನ ಮೇಲಿನ ಬೆರಳು ತೆಗೆಯದೆ, ನಾಡಿಯನ್ನೇ ನೋಡುತ್ತಿರುವಂತೆ ಇದ್ದು ಎದೆಯ ಏರಿಳಿತ ಎಣಿಸುವುದು.

ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ರೂಪಿಸಿ 2017ರಲ್ಲಿ ಪರಿಷ್ಕರಿಸಿದ ಮುನ್ನೆಚ್ಚರಿಕೆ ಅಂಕಪಟ್ಟಿಯಲ್ಲಿ ನಿಮಿಷಕ್ಕೆ 12ರಿಂದ 20 ಉಸಿರಿಗೆ ಸೊನ್ನೆ. 25 ಅಥವಾ ಅದಕ್ಕಿಂತ ಹೆಚ್ಚಾದರೆ ಅದೊಂದಕ್ಕೇ 3 ಅಂಕ, ಅಂದರೆ ವೈದ್ಯರನ್ನು ತುರ್ತಾಗಿ ಕರೆಯಬೇಕೆಂದು ಅರ್ಥ. ಸೋಂಕು ರಕ್ತಕ್ಕೆ ಇಳಿಯುತ್ತಿರುವಾಗ, ಶ್ವಾಸಕೋಶ ಸೋಲುತ್ತಿರುವಾಗ ಬಿಪಿಗಿಂತ ಮೊದಲು ಬದಲಾಗುವುದು ಉಸಿರೇ. ಇಷ್ಟಾಗಿಯೂ ಎಷ್ಟೋ ಕೇಸ್ ಶೀಟುಗಳಲ್ಲಿ ಉಸಿರಿನ ಕಾಲಂ ತೆರೆದರೆ 18, 20, 18, 20 ಎಂದು ತೋರಣ ಕಟ್ಟಿರುತ್ತದೆ. ಆ ವಾರ್ಡಿನಲ್ಲಿ ಯಾರೂ ಎಣಿಸಿಲ್ಲ ಎಂದು ತಿಳಿಯಲು ಬೇರೆ ತನಿಖೆ ಬೇಡ. ಅದು ಸೋಮಾರಿತನವೋ, ಒಬ್ಬರ ಮೇಲೆ ಮೂವತ್ತು ಹಾಸಿಗೆ ಹೊರಿಸಿದ ಫಲವೋ ಎಂಬ ಪ್ರಶ್ನೆಗೆ ಮುಂದೆ ಬರುತ್ತೇನೆ.

ಯಂತ್ರವಿದ್ದಲ್ಲೂ ನೋಡುವ ಕಣ್ಣು ಬೇಕು. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂತು. ಕೈ ತಣ್ಣಗಿದ್ದರೆ, ಉಗುರಿಗೆ ಗಾಢ ಬಣ್ಣ ಹಚ್ಚಿದ್ದರೆ, ಕರಿ ಮೆಹಂದಿ ಇದ್ದರೆ ಅದು ತಪ್ಪು ಹೇಳಬಹುದು. ಇನ್ನೊಂದು ಸಂಗತಿ 2020ರಲ್ಲಿ ಅಮೆರಿಕದ ಅಧ್ಯಯನವೊಂದರಲ್ಲಿ ಎದ್ದು ಕಂಡಿತು: ಯಂತ್ರ ಆಮ್ಲಜನಕ ಸಾಕಷ್ಟಿದೆ ಎಂದು ತೋರಿಸಿದರೂ ರಕ್ತದಲ್ಲಿ ನಿಜಕ್ಕೂ ಕೊರತೆಯಿದ್ದ ಪ್ರಸಂಗಗಳು ಬಿಳಿಯರಿಗಿಂತ ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚಿದ್ದವು. ನಮ್ಮ ಮೈಬಣ್ಣಕ್ಕೂ ಇದು ಎಚ್ಚರಿಕೆಯೇ. ಪಠ್ಯಪುಸ್ತಕದಲ್ಲಿ ಬರುವ ಚರ್ಮ ಕೆಂಪಾಗುವುದು, ನೀಲಿಗಟ್ಟುವುದು, ಬಿಳಿಚುವುದು ಎಲ್ಲವೂ ಬಿಳಿಯ ಚರ್ಮವನ್ನು ನೋಡಿ ಬರೆದ ಮಾತುಗಳು. ನಮ್ಮ ವಾರ್ಡಿನ ನರ್ಸ್ ಅದನ್ನು ಅಂಗೈಯಲ್ಲಿ, ನಾಲಗೆಯಲ್ಲಿ, ಕೆಳರೆಪ್ಪೆಯ ಒಳಭಾಗದಲ್ಲಿ ಹುಡುಕಬೇಕು. ಬಹುಮಂದಿ ಇದನ್ನು ಕಲಿಯುವುದು ಪುಸ್ತಕದಿಂದಲ್ಲ, ಹಿರಿಯ ಸಿಸ್ಟರ್ ಜೊತೆ ಮಾಡಿದ ನೈಟ್ ಡ್ಯೂಟಿಯಿಂದ.

ಯಾಕೋ ಸರಿ ಕಾಣ್ತಿಲ್ಲ

ಹೊಸದಾಗಿ ಕೆಲಸಕ್ಕೆ ಸೇರಿದವರು ನಿಯಮ ನೋಡಿ ನಡೆಯುತ್ತಾರೆ. ವರ್ಷಗಳು ಕಳೆದ ಮೇಲೆ ಕೆಲವರಿಗೆ ಬೇರೊಂದು ನೋಟ ಸಿದ್ಧಿಸುತ್ತದೆ. ಹಾಲು ಉಕ್ಕುವ ಮುನ್ನ ಪಾತ್ರೆಯ ಸದ್ದು ಬದಲಾಗುವುದನ್ನು ಬೆನ್ನು ತಿರುಗಿಸಿ ನಿಂತವರೂ ಗುರುತಿಸುತ್ತಾರಲ್ಲ, ಅಂಥದ್ದು. ಅಮೆರಿಕದ ಪೆಟ್ರಿಷಿಯಾ ಬೆನ್ನರ್ 1984ರಲ್ಲಿ 'ಫ್ರಮ್ ನಾವಿಸ್ ಟು ಎಕ್ಸ್‌ಪರ್ಟ್' ಪುಸ್ತಕದಲ್ಲಿ ಇದನ್ನು ಐದು ಹಂತಗಳಾಗಿ ಬಿಡಿಸಿಟ್ಟರು. ವಿಮಾನ ಚಾಲಕರು, ಚದುರಂಗದ ಆಟಗಾರರು ಹೇಗೆ ಪಳಗುತ್ತಾರೆಂದು ಡ್ರೇಫಸ್ ಸೋದರರು ಮಾಡಿದ್ದ ವಿಶ್ಲೇಷಣೆಯನ್ನು ಅವರು ನರ್ಸುಗಳಿಗೆ ಅನ್ವಯಿಸಿದರು. ಪಳಗಿದ ನರ್ಸ್ ಮೊದಲು ರೋಗಿಯ ಒಟ್ಟು ಚಿತ್ರ ಹಿಡಿಯುತ್ತಾರೆ, ಕಾರಣ ಆಮೇಲೆ ಹುಡುಕುತ್ತಾರೆ ಎಂಬುದು ಅವರು ಕಂಡದ್ದು.

ತೊಂದರೆ ಶುರುವಾಗುವುದು ಇಲ್ಲಿಂದ. ರಾತ್ರಿ ಎರಡು ಗಂಟೆಗೆ "ಸರ್, ಹದಿನಾಲ್ಕನೇ ಬೆಡ್ಡು ಯಾಕೋ ಸರಿ ಕಾಣ್ತಿಲ್ಲ" ಎಂದು ಫೋನ್ ಮಾಡಿದರೆ ಆ ಕಡೆಯಿಂದ "ಬಿಪಿ ಎಷ್ಟಿದೆ?" ಎಂದು ಬರುತ್ತದೆ. ಬಿಪಿ ಸರಿಯಾಗಿದೆ. "ಮತ್ತೇನು?" ಮತ್ತೇನೆಂದು ಹೇಳಲು ಸಿಸ್ಟರ್ ಬಳಿ ಅಂಕಿಯಿಲ್ಲ. ಸಂಜೆ ಮಾತಾಡುತ್ತಿದ್ದ ಯಜಮಾನರು ಈಗ ಹೊದಿಕೆ ಕಿತ್ತು ಕಿತ್ತು ಎಸೆಯುತ್ತಿದ್ದಾರೆ, ಅಷ್ಟೇ. ಆಪರೇಷನ್ ಆದವರ ಈ ಚಡಪಡಿಕೆ ಎಷ್ಟೋ ಸಲ ಆಮ್ಲಜನಕದ ಕೊರತೆಯ ಅಥವಾ ಒಳಗಿನ ರಕ್ತಸ್ರಾವದ ಮೊದಲ ಗುರುತು. ನಿದ್ದೆ ಮಾತ್ರೆ ಕೊಟ್ಟು ಮಲಗಿಸಿದರೆ ಆ ಗುರುತೂ ಅಳಿಸಿಹೋಗುತ್ತದೆ.

1990ರಲ್ಲಿ ಸಿಡ್ನಿಯ ಲಿವರ್‌ಪೂಲ್ ಆಸ್ಪತ್ರೆ ತುರ್ತು ತಂಡವನ್ನು ಕರೆಯುವ ಹೊಸ ಪದ್ಧತಿ ತಂದಿತು. ನಾಡಿ ಇಷ್ಟಾದರೆ, ಉಸಿರು ಇಷ್ಟಾದರೆ ಕರೆಯಿರಿ ಎಂಬ ಪಟ್ಟಿ ಅದು. ಆಸ್ಟ್ರೇಲಿಯಾದಲ್ಲಿ ಹಬ್ಬಿದ ಇಂಥ ಪಟ್ಟಿಗಳಲ್ಲಿ, ಅಂಕಿಗಳೆಲ್ಲ ಸರಿಯಿದ್ದರೂ ರೋಗಿಯ ಬಗ್ಗೆ ಗಾಬರಿಯಾದರೆ ಕರೆಯಿರಿ ಎಂಬ ಸಾಲೂ ಸೇರಿತು. ನೆದರ್ಲೆಂಡಿನ ಸಂಶೋಧಕರು ನರ್ಸುಗಳ ಆ 'ಗಾಬರಿ'ಯ ಒಳಗೇನಿದೆ ಎಂದು ಬಿಡಿಸಿ ನೋಡಿದರು. ಉಸಿರಾಟದ ರೀತಿ, ರಕ್ತಸಂಚಾರ, ನಡುಕ, ಗೊಂದಲ, ನೋವು, ರೋಗಿಯೇ ಹೇಳುವ 'ಏನೋ ಆಗ್ತಿದೆ' ಎಂಬ ಮಾತು, ಹೀಗೆ ಗುರುತಿಸಬಲ್ಲ ಸುಳಿವುಗಳು ಅದರೊಳಗೆ ಸಿಕ್ಕವು. ಅಂದರೆ ಅದು ಮಂತ್ರವೂ ಅಲ್ಲ, ಹೆಣ್ಣಿನ ಆರನೇ ಇಂದ್ರಿಯವೂ ಅಲ್ಲ. ವಾರ್ಡಿನಲ್ಲಿರುವ ಗಂಡು ನರ್ಸುಗಳಿಗೂ, ನಾವು 'ಬ್ರದರ್' ಎಂದು ಕರೆಯುವವರಿಗೂ ಅದು ಅಷ್ಟೇ ಚೆನ್ನಾಗಿ ಬರುತ್ತದೆ. ನಮ್ಮ ಆಸ್ಪತ್ರೆಗಳ ತುರ್ತು ಪಟ್ಟಿಗಳಲ್ಲೂ ಈ ಸಾಲು ಇರಲೇಬೇಕು. ಸೇರಿಸಲು ಒಂದು ಪೈಸೆ ಖರ್ಚಿಲ್ಲ.

ಈ ನೋಟದ ಜೊತೆಗೇ ನಡೆಯುವ ಔಷಧಿಯ ಲೆಕ್ಕಾಚಾರದ ಬಗ್ಗೆಯೂ ಒಂದೆರಡು ಮಾತು, ಏಕೆಂದರೆ ಇದು ಮನೆಗೂ ಬರುವ ವಿಷಯ. ನಮ್ಮಲ್ಲಿ ಸೀಸೆಯ ಇನ್ಸುಲಿನ್ ಎರಡು ಬಲದಲ್ಲಿ ಸಿಗುತ್ತದೆ: ಒಂದು ಮಿಲಿಲೀಟರಿಗೆ 40 ಯೂನಿಟ್ ಮತ್ತು 100 ಯೂನಿಟ್. ಸಿರಿಂಜೂ ಬೇರೆಬೇರೆ, 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದರೆ 20 ಯೂನಿಟ್ ಎಂದುಕೊಂಡದ್ದು 50 ಯೂನಿಟ್ ಆಗಿ ಮೈಗೆ ಹೋಗುತ್ತದೆ. ಅದಲುಬದಲಾದರೆ 20ರ ಬದಲು 8. ಸಲೈನಿನದೂ ಲೆಕ್ಕವೇ: 20 ಹನಿಗೆ ಒಂದು ಮಿಲಿಲೀಟರ್ ಬೀಳುವ ಸೆಟ್ಟಿನಲ್ಲಿ ಅರ್ಧ ಲೀಟರ್ ಬಾಟಲಿ ನಾಲ್ಕು ಗಂಟೆಯಲ್ಲಿ ಮುಗಿಯಬೇಕಾದರೆ ನಿಮಿಷಕ್ಕೆ ಸುಮಾರು 42 ಹನಿ. "ಬೇಗ ಮುಗೀಲಿ" ಎಂದು ಚಕ್ರ ತಿರುಗಿಸುವ ಮನೆಯವರು ಈ ಲೆಕ್ಕವನ್ನು ಅರೆಗಳಿಗೆಯಲ್ಲಿ ಕೆಡಿಸುತ್ತಾರೆ. ವಯಸ್ಸಾದ ಹೃದಯಕ್ಕೆ ಅದು ಆಟವಲ್ಲ.

ಹಳದೀಪುರದ ಅರುಣಾ, ಕೆಇಎಂನ ದಾದಿಯರು

ಉತ್ತರ ಕನ್ನಡದ ಹಳದೀಪುರದಲ್ಲಿ 1948ರಲ್ಲಿ ಹುಟ್ಟಿದ ಅರುಣಾ ಶಾನಭಾಗ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಆಸ್ಪತ್ರೆಯೊಳಗೇ ಅಲ್ಲಿನ ನೌಕರನೊಬ್ಬ ನಾಯಿಯ ಸರಪಳಿಯನ್ನು ಅವರ ಕುತ್ತಿಗೆಗೆ ಬಿಗಿದು ದೌರ್ಜನ್ಯ ಎಸಗಿದ. ಮಿದುಳಿಗೆ ರಕ್ತ ನಿಂತು ಅವರು ಎಂದೂ ಚೇತರಿಸಿಕೊಳ್ಳಲಿಲ್ಲ. 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಳ್ಳುವವರೆಗೆ 41 ವರ್ಷಕ್ಕೂ ಹೆಚ್ಚು ಕಾಲ ಅವರನ್ನು ನೋಡಿಕೊಂಡದ್ದು ಆ ಆಸ್ಪತ್ರೆಯ ನರ್ಸುಗಳು. ದಾಳಿ ನಡೆದಾಗ ಹುಟ್ಟಿಯೇ ಇರದಿದ್ದವರೂ ಆ ಸರದಿಯಲ್ಲಿದ್ದರು.

ಈ ಪ್ರಕರಣವನ್ನು ನಾವು ದಯಾಮರಣದ ಚರ್ಚೆಯಾಗಿ ನೆನಪಿಟ್ಟುಕೊಂಡಿದ್ದೇವೆ. 2011ರ ಮಾರ್ಚ್ 7ರ ಸುಪ್ರೀಂ ಕೋರ್ಟ್ ತೀರ್ಪು ಅದಕ್ಕೇ ಪ್ರಸಿದ್ಧ. ಅದೇ ತೀರ್ಪನ್ನು ಶುಶ್ರೂಷೆಯ ದಾಖಲೆಯೆಂದು ಓದಿದರೆ ಬೇರೆ ಸಂಗತಿಗಳು ಕಾಣುತ್ತವೆ. ಅಷ್ಟು ವರ್ಷ ಹಾಸಿಗೆ ಹಿಡಿದ ದೇಹದಲ್ಲಿ ಒಂದೇ ಒಂದು ಬೆಡ್‌ಸೋರ್ ಇರಲಿಲ್ಲ ಎಂದು ನ್ಯಾಯಾಲಯ ಗುರುತಿಸಿತು. 2010ರ ಸೆಪ್ಟೆಂಬರಿನಲ್ಲಿ ಮಲೇರಿಯಾ ಬರುವವರೆಗೆ ಅವರಿಗೆ ನುಣ್ಣಗೆ ಮಾಡಿದ ಊಟವನ್ನು ಬಾಯಿಂದಲೇ ಉಣಿಸುತ್ತಿದ್ದರು. ಅವರು ಮಾಡುತ್ತಿದ್ದ ಸದ್ದುಗಳಲ್ಲಿ ಮಲಮೂತ್ರಕ್ಕೆ ಹೋಗಬೇಕೆಂಬ ಸೂಚನೆಯನ್ನು ನರ್ಸುಗಳು ಗುರುತಿಸುತ್ತಿದ್ದರು ಎಂದು ಆಸ್ಪತ್ರೆ ನ್ಯಾಯಾಲಯಕ್ಕೆ ತಿಳಿಸಿತ್ತು.

ಬೆಡ್‌ಸೋರ್ ಬಾರದಂತೆ ನೋಡಿಕೊಳ್ಳುವುದೆಂದರೆ ಏನೆಂದು ಮನೆಯಲ್ಲಿ ಪಾರ್ಶ್ವವಾಯುವಿನ ತಂದೆತಾಯಿಯನ್ನು ನೋಡಿಕೊಂಡವರಿಗೆ ಗೊತ್ತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಹಗಲಷ್ಟೇ ಅಲ್ಲ, ರಾತ್ರಿಯೂ. ಎಳೆಯುವಂತಿಲ್ಲ, ಎತ್ತಿ ಸರಿಸಬೇಕು. ಎಳೆದರೆ ಚರ್ಮದ ಒಳಪದರ ಹರಿಯುತ್ತದೆ. ಬೆನ್ನ ಕೆಳಗಿನ ಮೂಳೆ, ಸೊಂಟ, ಹಿಮ್ಮಡಿ, ತಲೆಯ ಹಿಂಭಾಗ ನೋಡಬೇಕು. ನಮ್ಮ ಬಣ್ಣದ ಚರ್ಮದಲ್ಲಿ ಮೊದಲ ಕೆಂಪು ಕಾಣುವುದೇ ಇಲ್ಲ. ಕೈಯ ಹಿಂಬದಿಯಿಂದ ಮುಟ್ಟಿ ಬಿಸಿ ಇದೆಯೇ, ಗಟ್ಟಿಯಾಗಿದೆಯೇ ಎಂದು ತಿಳಿಯಬೇಕು. ಒದ್ದೆಯಲ್ಲಿ ಐದು ನಿಮಿಷ ಹೆಚ್ಚು ಬಿಡುವಂತಿಲ್ಲ. ಇದನ್ನು ನಾಲ್ಕು ದಶಕ ಮೂರೂ ಪಾಳಿಯವರು ಒಬ್ಬರಿಂದೊಬ್ಬರಿಗೆ ದಾಟಿಸುತ್ತ ಬಂದರು. ಪ್ರೀತಿ ಇತ್ತು, ನಿಜ. ಪ್ರೀತಿಯೊಂದರಿಂದಲೇ ಇಷ್ಟಾಗುವುದಿಲ್ಲ, ಇದರಲ್ಲಿ ಕಸುಬಿದೆ.

ಬೆಳಗಾವಿಯ ಅಳತೆ

ಹೆರಿಗೆಯಾದ ಮೇಲಿನ ರಕ್ತಸ್ರಾವ ತಾಯಂದಿರ ಸಾವಿಗೆ ಬಹುದೊಡ್ಡ ಕಾರಣ. ಎಷ್ಟು ರಕ್ತ ಹೋಯಿತು ಎಂಬುದನ್ನು ಎಲ್ಲರೂ ಕಣ್ಣಂದಾಜಿನಲ್ಲಿ ಹೇಳುತ್ತಿದ್ದರು. ಬಟ್ಟೆ, ಚಾಪೆ, ನೆಲ ಹೀರಿಕೊಂಡದ್ದು ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಹೋದ್ಯೋಗಿಗಳ ಜೊತೆ ಸೇರಿ ಒಂದು ಸರಳ ಪ್ಲಾಸ್ಟಿಕ್ ಹಾಳೆ ರೂಪಿಸಿದರು. ಹೆರಿಗೆಯಾದ ತಕ್ಷಣ ತಾಯಿಯ ಕೆಳಗೆ ಹಾಸಿದರೆ ರಕ್ತ ಅದರ ತುದಿಯ ಚೀಲಕ್ಕೆ ಇಳಿಯುತ್ತದೆ, ಚೀಲದ ಮೇಲೆ ಅಳತೆಯ ಗೆರೆಗಳಿವೆ. ಹೋಲಿಸಿ ನೋಡಿದಾಗ ಕಣ್ಣಂದಾಜು ನಿಜಕ್ಕಿಂತ ಮೂರನೇ ಒಂದು ಭಾಗದಷ್ಟು ಕಡಿಮೆ ಹೇಳುತ್ತಿತ್ತು.

ಮುಂದಿನದು ಇನ್ನೂ ದೊಡ್ಡದು. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುತ್ತಿದ್ದ ಎಎನ್‌ಎಂಗಳು, ಅಂದರೆ ಊರವರ ಬಾಯಲ್ಲಿ 'ನರ್ಸಮ್ಮ'ನವರು, ಒಂದು ಪ್ರಯೋಗ ನಡೆಸಿಕೊಟ್ಟರು. 1,620 ತಾಯಂದಿರಲ್ಲಿ ಅರ್ಧ ಜನಕ್ಕೆ ಹೆರಿಗೆಯಾದ ಕೂಡಲೇ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆ, ಇನ್ನರ್ಧಕ್ಕೆ ಅದರಂತೆಯೇ ಕಾಣುವ ಬರೀ ಮಾತ್ರೆ. ಯಾವುದು ಯಾವುದೆಂದು ಅವರಿಗೂ ತಿಳಿಯದು. ಮಾತ್ರೆ ಕೊಟ್ಟು, ಆ ಹಾಳೆ ಹಾಸಿ, ರಕ್ತ ಅಳೆದು, ಬರೆದಿಟ್ಟರು. ಅತಿ ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿದಿತ್ತು, ಒಂದು ಲೀಟರ್ ಮೀರಿದ ಸ್ರಾವ ಶೇ 1.2ರಿಂದ ಶೇ 0.2ಕ್ಕೆ. 2006ರಲ್ಲಿ 'ಲ್ಯಾನ್ಸೆಟ್' ಇದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗೆ ಆ ಮಾತ್ರೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಇಂಜೆಕ್ಷನ್ ಇಡಲು ಫ್ರಿಜ್ ಇಲ್ಲದ, ಕರೆದರೆ ವೈದ್ಯರು ಬಾರದ ಊರುಗಳಲ್ಲಿ ನರ್ಸಮ್ಮನ ಕೈಗೆ ಅಳತೆ, ಔಷಧಿ ಮತ್ತು ತೀರ್ಮಾನಿಸುವ ಅಧಿಕಾರ ಮೂರನ್ನೂ ಕೊಟ್ಟರೆ ಏನಾಗುತ್ತದೆಂದು ತೋರಿಸಿದ್ದು ನಮ್ಮ ನೆಲದ ಕೆಲಸ.

ಅಳತೆಯ ಹಾಳೆಯ ವಿಚಾರ 2023ರಲ್ಲಿ ಮತ್ತೆ ಸುದ್ದಿಯಾಯಿತು. ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ, ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ ಇಂಥ ಹಾಳೆಯಿಂದ ಬೇಗ ಗುರುತಿಸಿ, ಗುರುತಿಸಿದ ಕೂಡಲೇ ಎಲ್ಲ ಚಿಕಿತ್ಸೆಗಳನ್ನು ಒಟ್ಟಿಗೆ ಶುರುಮಾಡುವ ಪದ್ಧತಿಯನ್ನು ಪರೀಕ್ಷಿಸಿದರು. ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಅನಾಹುತಗಳು ಶೇ 60ರಷ್ಟು ತಗ್ಗಿದವು. ಅಲ್ಲೂ ಹಾಳೆ ಹಾಸಿದವರಲ್ಲಿ ಹೆಚ್ಚಿನವರು ಸೂಲಗಿತ್ತಿ ತರಬೇತಿ ಪಡೆದ ನರ್ಸುಗಳೇ.

ಎಷ್ಟು ಹಾಸಿಗೆಗೆ ಎಷ್ಟು ಕಣ್ಣು

ಇಷ್ಟೆಲ್ಲ ವಿದ್ಯೆ ಇದ್ದೂ ಅದು ಕೆಲಸಕ್ಕೆ ಬರುವುದು ಸಮಯ ಸಿಕ್ಕರೆ. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ ಬೋಧನಾ ಆಸ್ಪತ್ರೆಗಳಲ್ಲಿ 3 ರೋಗಿಗಳಿಗೆ ಒಬ್ಬ ನರ್ಸ್, ಸಾಮಾನ್ಯ ಆಸ್ಪತ್ರೆಗಳಲ್ಲಿ 5ಕ್ಕೆ ಒಬ್ಬರು ಎನ್ನುತ್ತದೆ. ನಮ್ಮ ಯಾವುದೇ ದೊಡ್ಡ ಆಸ್ಪತ್ರೆಯ ಜನರಲ್ ವಾರ್ಡಿಗೆ ರಾತ್ರಿ ಹತ್ತರ ಮೇಲೆ ಹೋಗಿ ನೋಡಿ, ಈ ಸಾಲು ಹಾಸ್ಯದಂತೆ ಕಾಣುತ್ತದೆ. ಉಸಿರಿನ ಕಾಲಂನಲ್ಲಿ 18, 20 ತುಂಬುವುದಕ್ಕೆ ನಾನು ಮುಖ್ಯ ಕಾರಣವೆಂದು ಎಣಿಸುವುದು ಇದನ್ನೇ. ಮೂವತ್ತು ಜನರ ಉಸಿರನ್ನು ಒಂದೊಂದು ನಿಮಿಷ ಎಣಿಸಿದರೆ ಅದಕ್ಕೇ ಅರ್ಧ ಗಂಟೆ. ನಡುವೆ ಔಷಧಿ, ಸಲೈನ್, ಇಂಡೆಂಟು, ಲ್ಯಾಬಿಗೆ ರಕ್ತ, ಹೊಸ ಅಡ್ಮಿಷನ್, ಜಗಳಕ್ಕೆ ನಿಂತ ಅಟೆಂಡರ್.

ಲಿಂಡಾ ಐಕೆನ್ ಮತ್ತು ಸಂಗಡಿಗರು ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ಅಧ್ಯಯನ ಮಾಡಿ 2002ರಲ್ಲಿ ಹೇಳಿದ್ದಿದು: ಒಬ್ಬ ನರ್ಸಿನ ಪಾಲಿಗೆ ಬರುವ ರೋಗಿಗಳಲ್ಲಿ ಒಬ್ಬರು ಹೆಚ್ಚಾದಂತೆಲ್ಲ ಶಸ್ತ್ರಚಿಕಿತ್ಸೆಯಾದವರು 30 ದಿನಗಳೊಳಗೆ ಸಾಯುವ ಸಂಭವ ಶೇ 7ರಷ್ಟು ಹೆಚ್ಚುತ್ತಿತ್ತು. 2014ರಲ್ಲಿ ಯೂರೋಪಿನ 9 ದೇಶಗಳ ಅಧ್ಯಯನ ಇದನ್ನೇ ಮತ್ತೆ ತೋರಿಸಿತು, ಪದವಿ ಓದಿದ ನರ್ಸುಗಳ ಪಾಲು ಹೆಚ್ಚಿದ್ದಲ್ಲಿ ಸಾವು ಕಡಿಮೆ ಇತ್ತು ಎಂಬುದನ್ನೂ ಸೇರಿಸಿತು.

ಸಂಬಳದ ಕಥೆ ಗೊತ್ತಿರುವುದೇ. 2016ರಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶನದಂತೆ ರಚನೆಯಾದ ಸಮಿತಿ, 50 ಹಾಸಿಗೆಗಿಂತ ಚಿಕ್ಕ ಖಾಸಗಿ ಆಸ್ಪತ್ರೆಯಲ್ಲೂ ನರ್ಸಿಗೆ ಕನಿಷ್ಠ 20,000 ರೂಪಾಯಿ, 200 ಹಾಸಿಗೆ ಮೀರಿದಲ್ಲಿ ಸರ್ಕಾರಿ ನರ್ಸಿಗೆ ಸಮನಾದ ಸಂಬಳ ಕೊಡಬೇಕೆಂದು ಶಿಫಾರಸು ಮಾಡಿತು. ಶಿಫಾರಸು ಶಿಫಾರಸಾಗಿಯೇ ಉಳಿಯಿತು. 1947ರ ನರ್ಸಿಂಗ್ ಪರಿಷತ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆ ಬಂದಿದೆ. ಓದಿನ ಗುಣಮಟ್ಟ ಏರಬಹುದು. ಏರಿದ ಮೇಲೆ ಅವರನ್ನು ಇಲ್ಲಿ ಉಳಿಸಿಕೊಳ್ಳುವುದು ಬೇರೆ ಮಾತು. ಬೆಂಗಳೂರು, ಮಂಗಳೂರುಗಳ ಕಾಲೇಜುಗಳಲ್ಲಿ ಓದಿದವರು ಐರ್ಲೆಂಡಿಗೂ ಕೊಲ್ಲಿಗೂ ಹೊರಟಾಗ ದೇಶ ಕಳೆದುಕೊಳ್ಳುವುದು ಸೂಜಿ ಚುಚ್ಚುವ ಕೈಗಳನ್ನಷ್ಟೇ ಎಂದು ನಾವು ತಿಳಿದಿದ್ದೇವೆ. ಹೋಗುವುದು ಹತ್ತು ವರ್ಷದ ನೋಟ. ಅದನ್ನು ತುಂಬಲು ಹೊಸ ಬ್ಯಾಚು ಬಂದರೆ ಸಾಲದು, ಮತ್ತೆ ಹತ್ತು ವರ್ಷ ಬೇಕು.

ಓದುಗರಲ್ಲಿ ಒಂದು ವಿನಂತಿ. ನಿಮ್ಮವರು ಆಸ್ಪತ್ರೆಯಲ್ಲಿದ್ದರೆ, ನಿನ್ನೆಗಿಂತ ಇಂದು ಬೇರೆ ಕಂಡದ್ದನ್ನು ಸಿಸ್ಟರ್ ಬಳಿ ಹೇಳಿ: ಎಷ್ಟು ಉಂಡರು, ಎಷ್ಟು ಸಲ ಮೂತ್ರಕ್ಕೆ ಹೋದರು, ಮಾತು ತೊದಲಿತೇ, ಹೆಸರು ಹಿಡಿದು ಕರೆದರೆ ತಡವಾಗಿ ಓಗೊಟ್ಟರೇ. ಸಲೈನಿನ ಚಕ್ರ ಮುಟ್ಟಬೇಡಿ. ಯೋಜಿತ ಆಪರೇಷನ್ನಿಗೆ ಆಸ್ಪತ್ರೆ ಆರಿಸುವಾಗ ಸರ್ಜನ್ ಯಾರು, ರೂಮಿನ ಬಾಡಿಗೆ ಎಷ್ಟು, ವಿಮೆ ನಡೆಯುತ್ತದೆಯೇ ಎಂದೆಲ್ಲ ಕೇಳುತ್ತೀರಿ. ಅದರ ಜೊತೆಗೆ ಇನ್ನೊಂದನ್ನೂ ಕೇಳಿ: "ರಾತ್ರಿ ಪಾಳಿಯಲ್ಲಿ ಈ ವಾರ್ಡಿಗೆ ಎಷ್ಟು ಜನ ನರ್ಸ್ ಇರ್ತಾರೆ, ಒಬ್ಬೊಬ್ಬರಿಗೆ ಎಷ್ಟು ಪೇಶೆಂಟು?" ಉತ್ತರ ಹೇಳಲು ತಡವರಿಸುವ ಆಸ್ಪತ್ರೆಗೆ ಎರಡು ಸಲ ಯೋಚಿಸಿ ಸೇರಿ.